ದಂಡೋತಿಯ ಯಾತಗಾನ್

ದಂಡೋತಿಯ ವಾಟರ್‌ಮನ್ ವಿಠೋಬಾನ ಬಾಳಿನಲ್ಲಿ ಸುಖವೆಂಬುದು ಬೇಸಿಗೆಯ ಕಾಗಿಣಾ ನದಿಯ ಹಾಗಿತ್ತು. ನಕ್ಷೆಯಲ್ಲಿದೆ, ಸೇತುವೆಯ ಮೇಲೆ ಹೆಸರಿನ ಹಲಗೆಯೂ ಇದೆ, ಇಳಿದು ನೋಡಿದರೆ ಪಾದ ನೆನೆಯುವುದಿಲ್ಲ. ಊರಿಗೆ ನೀರು ಬಿಡುವುದು ಅವನ ಕೆಲಸ. ಮೇಲಿನ ಓಣಿಗೆ ಮೊದಲು ಬಿಟ್ಟರೆ ಕೆಳಗಿನವರು ಬೈಯುತ್ತಿದ್ದರು, ಕೆಳಗಿನ ಓಣಿಗೆ ಬಿಟ್ಟರೆ ಮೇಲಿನವರು. ಕರೆಂಟು ಹೋದ ದಿನ ಮಾತ್ರ ಎರಡೂ ಓಣಿಗಳಲ್ಲಿ ಒಗ್ಗಟ್ಟು ಮೂಡುತ್ತಿತ್ತು. ವಾಲ್ವ್ ತಿರುಗಿಸುವ ಕಬ್ಬಿಣದ ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿ, ತಲೆ ತಗ್ಗಿಸಿ, ಗೋಡೆಯ ಬದಿ ಹಿಡಿದು ನಡೆಯುವ ಅವನನ್ನು ಕಂಡರೆ, ಯಾರದೋ ಮಣ್ಣಿಗೆ ಹೊರಟಿದ್ದಾನೆ ಎಂದು ಹೊಸಬರು ಟೋಪಿ ತೆಗೆಯುತ್ತಿದ್ದರು.

ಅಂಥ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ದೊಡ್ಡ ಮಾತಾಡಿದ. ಸಣ್ಣ ಕಾರಣದಿಂದ ಎಷ್ಟು ದೊಡ್ಡ ಪರಿಣಾಮ ಹುಟ್ಟಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಚಿತ್ತಾಪುರ ತಾಲೂಕಿನಲ್ಲಿ ಇನ್ನೂ ದೊರೆತಿಲ್ಲ.

ಮಾತು ಒಂದು ಕಟಾರಿಯ ಬಗ್ಗೆ. ಕಟಾರಿ ವಿಠೋಬಾನದಲ್ಲ, ಎದುರು ಮನೆಯ ಬಂದೇಅಲಿಯದು. ಮೊಳಕ್ಕಿಂತ ಗಿಡ್ಡ, ಅಲಗು ಒಂದಿಷ್ಟು ಬಾಗಿದ್ದು, ಹಿಡಿ ಎಲುಬಿನದು, ಕಾಲಕಾಲಕ್ಕೆ ಬೆವರು ಕುಡಿದು ಹಳದಿಯಾದದ್ದು. ಬಂದೇಅಲಿಯ ಅಜ್ಜನ ಅಜ್ಜ ಯಾವನೋ ಸರದಾರನ ಕುದುರೆಗಳಿಗೆ ಮೇವು ಹಾಕುತ್ತಿದ್ದನೆಂದೂ, ಪಗಾರ ಕೊಡಲಾಗದೆ ಸರದಾರ ಇದನ್ನು ಕೊಟ್ಟನೆಂದೂ ಹೇಳುತ್ತಿದ್ದರು. ಅದರಿಂದ ಯಾರ ನೆತ್ತರೂ ಹರಿದ ದಾಖಲೆಯಿಲ್ಲ. ಅದರ ಕೆಲಸ ಬೇರೆ. ಆ ಓಣಿಯ ಯಾವ ಮದುಮಗನಿಗೂ ಅರಿಶಿನ ಹಚ್ಚಿದ ಕೂಡಲೆ ಅದನ್ನು ಕೈಗೆ ಕೊಡಬೇಕು, ತುದಿಗೆ ನಿಂಬೆಹಣ್ಣು ಚುಚ್ಚಬೇಕು, ಅಕ್ಷತೆ ಬೀಳುವ ತನಕ ಆತ ಅದನ್ನು ಕೈಬಿಡಬಾರದು. ಹಿಂದೊಬ್ಬ ಮದುಮಗ ಭಜಿ ತಿನ್ನಲು ಕಟಾರಿಯನ್ನು ಪಕ್ಕಕ್ಕಿಟ್ಟ. ಬೀಗರ ಲಾರಿ ಸುಲೇಪೇಟದ ಹತ್ತಿರ ಪಲ್ಟಿ ಹೊಡೆಯಿತು. ಒಂದೇ ಪ್ರಯೋಗದಿಂದ ಸಿದ್ಧಾಂತ ಕಟ್ಟುವುದನ್ನು ವಿಜ್ಞಾನ ಒಪ್ಪುವುದಿಲ್ಲ. ದಂಡೋತಿ ಒಪ್ಪುತ್ತದೆ.

ಮದುವೆ ಮುಗಿದ ಮೇಲೆ ಕಟಾರಿ ಬಂದೇಅಲಿಯ ಮನೆಗೆ ಬರಿಗೈಯಲ್ಲಿ ಹಿಂತಿರುಗುತ್ತಿರಲಿಲ್ಲ. ಒಂದು ತೆಂಗಿನಕಾಯಿ, ಒಂದು ಕುಪ್ಪಸದ ಖಣ ಜೊತೆಗೆ ಬರುತ್ತಿದ್ದವು. ಬಂದೇಅಲಿಯ ಹೆಂಡತಿ ಖುರ್ಷಿದಬೇಗಂ ಆ ಖಣಗಳನ್ನು ಸಂದೂಕದಲ್ಲಿ ತುಂಬಿಟ್ಟು, ಓಣಿಯಲ್ಲಿ ಯಾರಾದರೂ ಬಾಣಂತಿಯಾದರೆ ಕೊಡುತ್ತಿದ್ದಳು.

ಇನ್ನು ವಿಠೋಬಾನ ಮಗ ದೇವೀಂದ್ರಪ್ಪ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಹಿಡಿಯುವವನು, ಮೂವತ್ತು ದಾಟಿದವನು. ವಾಡಿಯಿಂದ ಒಂದು, ಚಿಂಚೋಳಿಯಿಂದ ಒಂದು, ರಾವೂರಿನಿಂದ ಒಂದು ಸಂಬಂಧ ಬಂದು, ಮನೆ ನೋಡಿ, ಚಾ ಕುಡಿದು, "ಹೇಳಿ ಕಳಸ್ತೀವಿ" ಎಂದು ಹೋಗಿದ್ದವು. ಹೇಳಿ ಕಳಿಸಿದ್ದ ಮಾತು ಯಾವುದೂ ದಂಡೋತಿ ಮುಟ್ಟಿರಲಿಲ್ಲ. ಆದ್ದರಿಂದ ಸೇಡಂನವರು ಮನೆತನ ನೋಡಲು ಬಂದ ದಿನ ವಿಠೋಬಾ ಮುಂಜಾನೆಯಿಂದ ಬೆವರುತ್ತಿದ್ದ.

ಸೇಡಂನವರ ಪೈಕಿ ಮಾತು ನಡೆಯುವುದು ಹುಡುಗಿಯ ಸೋದರಮಾವನದು. ಆತ ನಿವೃತ್ತ ವಿಜ್ಞಾನ ಮಾಸ್ತರು, ಹೆಸರು ಬಸವಲಿಂಗ. ಕಂಡ ವಸ್ತುವಿಗೆಲ್ಲ ಹೆಸರು ಕೇಳುವುದು, ಹೆಸರು ಸಿಕ್ಕರೆ ಅದರ ಹುಟ್ಟು ಕೇಳುವುದು ಮಾಸ್ತರ ಚಟ. ಅಂದು ತಗಡಿನ ಮಾಡು ನೋಡಿದರು, ಸುಣ್ಣದ ಪೋಪಡಿ ಎದ್ದ ಗೋಡೆ ನೋಡಿದರು, ಏನೂ ಕೇಳಲಿಲ್ಲ. ಕೇಳುವಂಥ ವಸ್ತು ಆ ಮನೆಯಲ್ಲಿ ಇರಲಿಲ್ಲ. ಅವರ ತುಟಿಯ ಮೇಲೆ "ಹೇಳಿ ಕಳಸ್ತೀವಿ" ಬಂದು ಕುಳಿತದ್ದು ವಿಠೋಬಾನಿಗೆ ಸ್ಪಷ್ಟವಾಗಿ ಕಂಡಿತು. ಅಷ್ಟರಲ್ಲಿ ಅವರ ಕಣ್ಣು ಗೋಡೆಯ ಗೂಡಿನಂಥ ಮಾಡದ ಮೇಲೆ ನಿಂತಿತು. ಹಿಂದಿನ ದಿನ ಅದೇ ಓಣಿಯ ಹೀರಾಬಾಯಿಯ ಮಗನ ಮದುವೆ ಮುಗಿದು ಕಟಾರಿ ವಾಪಸು ಕೊಡಲೆಂದು ವಿಠೋಬಾನ ಕೈಗೆ ಬಂದಿತ್ತು. ನಿಂಬೆಹಣ್ಣು ಸಹಿತ ಅಲ್ಲಿ ಕುಳಿತಿತ್ತು. ಅದನ್ನು ಒಯ್ಯಲು ಬಂದಿದ್ದ ಬಂದೇಅಲಿಯನ್ನು ವಿಠೋಬಾನ ಹೆಂಡತಿ ಯಂಕಮ್ಮ ಚಾಕ್ಕೆಂದು ಕೂರಿಸಿದ್ದಳು.

"ಅದೇನ್ರಿ ಅದು?" ಎಂದರು ಮಾಸ್ತರು.

"ಕಟಾರಿ ರೀ ಅಣ್ಣಾ," ಎಂದಳು ಯಂಕಮ್ಮ.

"ಕಟಾರಿ ಅಂದ್ರ ಎತ್ತಿಗಿ ಎತ್ತು ಅಂದಂಗ ಆತಲ್ರಿ ತಂಗಿ. ಇದರ ಹೆಸರೇನದ? ಖಂಜರೋ? ಜಂಬಿಯಾನೋ? ಪೇಶಕಬ್ಜೋ?"

ಇಲ್ಲಿ ಒಂದು ಹಿನ್ನೆಲೆ ಹೇಳಬೇಕು. ನೀರಿನ ಟಾಕಿ ತುಂಬುವ ತನಕ ವಿಠೋಬಾ ಪಂಪಿನ ಮನೆಯಲ್ಲಿ ಕುಳಿತು ಮೊಬೈಲ್ ನೋಡುತ್ತಿದ್ದ. ಎಂದೋ ಒಮ್ಮೆ ಉಳ್ಳಾಗಡ್ಡಿ ಕೊಯ್ಯುವ ಚಾಕುವಿನ ಚಿತ್ರ ಒತ್ತಿದ್ದ. ಅಂದಿನಿಂದ ಮೊಬೈಲು ಅವನನ್ನು ಶೂರನೆಂದು ತಿಳಿದು, ಜಗತ್ತಿನ ಹಳೆಯ ಕತ್ತಿ ಕಟಾರಿಗಳನ್ನೆಲ್ಲ ದಿನಾ ತೋರಿಸುತ್ತಿತ್ತು. ಆ ಹೆಸರುಗಳು ಅವನ ತಲೆಯಲ್ಲಿ ಖಾಲಿ ಪೈಪಿನೊಳಗಿನ ಗಾಳಿಯಂತೆ ಗುಳುಗುಳು ಎನ್ನುತ್ತಿದ್ದವು. ಈಗ ವಾಲ್ವ್ ತೆರೆಯಿತು.

"ಯಾತಗಾನ್," ಎಂದ ವಿಠೋಬಾ.

ಗಂಡನ ಬಾಯಿಂದ ಎಂದೂ ಬಾರದ ಶಬ್ದ ಬಂದದ್ದನ್ನು ಕೇಳಿ ಯಂಕಮ್ಮ ಅವನ ಹಣೆ ಮುಟ್ಟಿ ನೋಡಿದಳು.

"ಯಾತಗಾನ್!" ಮಾಸ್ತರು ಎದ್ದು ನಿಂತರು. "ತುರ್ಕಸ್ತಾನದ್ದು! ಅಲಗಿನ ಬಾಗು ನೋಡ್ರಿ, ನೋಡ್ರಿ! ನಿಮ್ಮ ಕೈಯಾಗ ಹೆಂಗ ಬಂತ್ರಿ ಇದು?"

ಸುಳ್ಳಿಗೆ ಒಂಟಿಯಾಗಿ ಇರಲು ಬಾರದು. "ಮನೆತನದ್ದು ರೀ," ಎಂದ ವಿಠೋಬಾ. "ಹಿಂದಿನಿಂದ ಬಂದದ್ದು."

ಮೂಲೆಯಲ್ಲಿ ಬಂದೇಅಲಿ ಕಪ್ಪಿನಿಂದ ಬಸಿಗೆ ಚಾ ಸುರಿದುಕೊಳ್ಳುತ್ತಿದ್ದ. ಸುರಿಯುವುದು ನಿಂತಿತು. ಆಮೇಲೆ, ಎಂದೋ ಆರಿಹೋಗಿದ್ದ ಆ ಚಾವನ್ನು ಊದಿ ಊದಿ ಕುಡಿದ.

ಮಾಸ್ತರು ಈಗ ತರಗತಿಗೆ ಬಂದಿದ್ದರು. "ಜಂಬಿಯಾ ಅಂದ್ರ ಪಕ್ಕದಾಗ ಕಟ್ಟೂದು ಅಂತ, ಅರಬರ ಮಾತು. ಪೇಶಕಬ್ಜ ಅಂದ್ರ ಮುಂದ ಸಿಗಸೂದು, ಪಾರಸಿ. ಬಿಚವಾ ಅಂದ್ರ ಚೇಳು. ಯಾತಗಾನ್‌ಗ ಮಾತ್ರ ಎರಡು ವಾದ ಅವ. ಆ ಹೆಸರಿಂದು ಒಂದು ಊರದ ಅಂತ ಒಂದು. ಮಲಗಿದ್ದು ಅಂತ ಅರ್ಥ ಅದ ಅನ್ನೋದು ಇನ್ನೊಂದು."

"ನಮ್ಮನ್ಯಾಗ ಮಲಗೂ ಮಂದೀನೇ ಅದಾರ್ರಿ ಅಣ್ಣಾ," ಎಂದಳು ಯಂಕಮ್ಮ. "ಇದೊಂದು ಹೆಚ್ಚಾತು."

ಬಂದೇಅಲಿ ಬಸಿ ಕೆಳಗಿಟ್ಟು ಎದ್ದ. "ಬರ್ತೀನಿ ವಿಠೋಬಾ," ಎಂದ. ಹೊಸ್ತಿಲಲ್ಲಿ ನಿಂತು, ಮಾಡದ ಕಡೆ ನೋಡದೆ, "ನಿಮ್ಮ ಸಾಮಾನು ಜ್ವಾಪಾನ," ಎಂದು ಬರಿಗೈಯಲ್ಲಿ ಹೋದ.

ಸಂಬಂಧ ಅದೇ ದಿನ ಗಟ್ಟಿಯಾಯಿತು.

ಮಾಸ್ತರು ಕಟಾರಿಯ ಫೋಟೊ ತೆಗೆದಿದ್ದರು. ಅದು ಒಂದು ವಾಟ್ಸಾಪ್ ಗುಂಪಿನಿಂದ ಇನ್ನೊಂದಕ್ಕೆ ಹಾರಿ, ವಾರ ತುಂಬುವುದರೊಳಗೆ ಯಾವುದೋ ಸುದ್ದಿಯ ತಾಣದಲ್ಲಿ "ದಂಡೋತಿಯಲ್ಲಿ ತುರ್ಕಿ ಸುಲ್ತಾನನ ಖಡ್ಗ?" ಎಂದು ಪ್ರಶ್ನಾರ್ಥಕ ಚಿಹ್ನೆ ಸಮೇತ ಪ್ರಕಟವಾಯಿತು. ಓಣಿಯವರು ಸುದ್ದಿ ಓದಿದರು, ಚಿಹ್ನೆ ಬಿಟ್ಟರು. ಮಂದಿ ನೋಡಲು ಬರತೊಡಗಿದರು. ದಿನಾ ಕಂಡ ಕಟಾರಿಯನ್ನೇ, ಹೆಸರು ಬಂದಿದೆಯೆಂದು, ಚಪ್ಪಲಿ ಹೊರಗೆ ಬಿಟ್ಟು ಬಂದು ನೋಡಿದರು.

ಹೀರಾಬಾಯಿ ಮಾತ್ರ ನೋಡಲು ಬರಲಿಲ್ಲ, ಜಗಳಕ್ಕೆ ಬಂದಳು. ಬರುವಾಗ ಕಾಯಿಪಲ್ಲೆ ಹೆಚ್ಚುವ ಇಳಿಗಿಯನ್ನೂ ತಂದಿದ್ದಳು.

"ನನ್ನ ಮಗ ಹಿಡಕೊಂಡಾಗ ಬರೇ ಕಟಾರಿ ಇತ್ತು. ನಿನ್ನ ಮಗ ಹಿಡ್ಯೂ ಪಾಳಿ ಬಂದಕೂಡ್ಲೆ ತುರ್ಕಸ್ತಾನ ಆತೇನು? ನಮಗ ಮೊದಲೇ ಹೇಳಿದ್ರ ಫೋಟೊದವನಿಗಿ ಇನ್ನೆರಡು ಜಾಸ್ತಿ ತೆಗಿ ಅಂತಿದ್ದಿಲ್ಲೇನು?"

"ಹಂಗಲ್ಲ ಹೀರಾಬಾಯಕ್ಕ..."

"ಹೆಂಗರೆ ಇರ್ಲಿ. ಇದು ನಮ್ಮತ್ತಿ ಕೊಟ್ಟ ಇಳಿಗಿ. ಇದಕ್ಕೂ ಒಂದು ಹೆಸರು ಹಚ್ಚು. ತುರ್ಕಸ್ತಾನ ಬ್ಯಾಡ, ಬ್ಯಾರೆ ದೇಶ ನೋಡು."

ವಿಠೋಬಾ ಅದನ್ನೆಲ್ಲ ಸಹಿಸಿದ. ಸಹಿಸಲಾಗದ್ದು ಎದುರು ಮನೆಯ ಬಾಗಿಲು. ಅದು ಎಂದಿನಂತೆ ತೆರೆದೇ ಇರುತ್ತಿತ್ತು; ಅದೇ ಕಷ್ಟ. ಒಂದು ಮುಂಜಾನೆ ಕಟಾರಿಯನ್ನು ಟಾವೆಲಿನಲ್ಲಿ ಸುತ್ತಿಕೊಂಡು, ಕಾಯಿ, ಖಣ ಹಿಡಿದು ಆ ಬಾಗಿಲಿಗೆ ಹೋದ. ಬಂದೇಅಲಿ ಕಟ್ಟೆಯ ಮೇಲೆ ಕುಳಿತು ತೊಗರಿ ಹಸನು ಮಾಡುತ್ತಿದ್ದ.

"ಚಾಚಾ, ನಿಮ್ಮ ಕಟಾರಿ..."

ಒಳಗಿನಿಂದ ಖುರ್ಷಿದಬೇಗಂ ಬಂದಳು. "ನಮ್ಮದು ಹೆಂಗ ಆತಪಾ? ಸುದ್ದಿಯಾಗ ನಿಮ್ಮ ಹೆಸರದ. ಸುಲ್ತಾನನ ಸಾಮಾನು ಬಡವರ ಸಂದೂಕದಾಗ ಇಟ್ರ ನಾಳೆ ಬೀಗರು ಕೇಳ್ತಾರ, ತುರ್ಕಸ್ತಾನ ಯಾಕ ಎದುರು ಮನಿಗಿ ಹೋತು ಅಂತ. ಏನ್ ಹೇಳ್ತಿ?"

"ತಪ್ಪಾತ್ರಿ ಚಾಚಿ. ನಾ ಸೇಡಂಗ ಹೋಗಿ ಖರೆ ಹೇಳಿ ಬರ್ತೀನಿ."

"ಹೇಳು, ಹೇಳು. ಹುಡುಗ ಅರವತ್ತಕ್ಕ ಬರೂತನ ಪಾಲಿಶ್ ಹಿಡ್ಕೋತ ಕುಂದರ್ಲಿ," ಎಂದು ಆಕೆ ಒಳಗೆ ಹೋದಳು. ಖಣವನ್ನು ಮುಟ್ಟಲಿಲ್ಲ.

ಬಂದೇಅಲಿ ಮೊರದಿಂದ ತಲೆಯೆತ್ತಲಿಲ್ಲ. "ದೇವೀಂದ್ರನ ಮದುವಿ ಆಗ್ಲಿ ಮೊದಲು," ಎಂದ. "ಹಿಡಿಗಿ ಒಂದಿಷ್ಟು ಕೊಬ್ರಿ ಎಣ್ಣಿ ಹಚ್ಚು. ಬೇಸಿಗ್ಯಾಗ ಎಲುಬು ಸೀಳತದ."

ಮದುವೆಯ ದಿನ ಬಂತು. ದೇವೀಂದ್ರಪ್ಪ ಅರಿಶಿನದಲ್ಲಿ ಮುಳುಗಿ, ಕೈಯಲ್ಲಿ ಕಟಾರಿ ಹಿಡಿದು, ತಂಬಿಗೆಗಳಿಗೆ ನೂಲಿನ ಸುರಗಿ ಸುತ್ತಿದ ಚೌಕದ ನಡುವೆ ಮಣೆಯ ಮೇಲೆ ಕುಳಿತಿದ್ದ. ಸೇಡಂನವರ ಟೆಂಪೊ ಬಂದು ನಿಂತಿತ್ತು. ಅದರ ಹಿಂದೆಯೇ ಒಂದು ಜೀಪು ನಿಂತಿತು. ಬೀಗರು ಎರಡು ಗಾಡಿ ಮಾಡಿಕೊಂಡು ಬಂದಿದ್ದಾರೆಂದು ಯಂಕಮ್ಮ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಓಡಿದಳು. ಇಳಿದವಳು ಪೊಲೀಸ್ ಠಾಣೆಯ ಫೌಜದಾರ ಲುಂಬಿನಿ.

"ತುರ್ಕಿ ಖಡ್ಗ ಇಟ್ಕೊಂಡ ವಿಠೋಬಾ ಅನ್ನಾವ ಯಾರು?"

ಇಡೀ ಮದುವೆಯ ಮನೆ ಒಂದೇ ಬೆರಳಾಗಿ ತೋರಿಸಿತು.

"ಲೈಸೆನ್ಸ್ ಅದ ಏನು? ಹಳೇ ಕಾಲದ್ದು ಅಂತೀರಿ, ಕಾಗದ ಪತ್ರ? ಯಾವುದೂ ಇಲ್ಲ? ಅದು ಎಲ್ಲದ ಈಗ?"

ಬೆರಳು ದೇವೀಂದ್ರಪ್ಪನ ಕಡೆ ತಿರುಗಿತು. ಆತ ನಿಂಬೆಹಣ್ಣಿನ ಹಿಂದೆ ಮುಖ ಅಡಗಿಸಲು ನೋಡಿದ, ಹಣ್ಣು ಸಣ್ಣದು.

"ಕೊಡಪಾ ಇಲ್ಲಿ."

"ಕೊಡಾಂಗಿಲ್ಲ ರೀ ಬಾಯಿ," ಎಂದು ಯಂಕಮ್ಮ ನಡುವೆ ಬಂದಳು. "ಅಕ್ಷತಾ ಬೀಳೂತನ ಕೈಯಾಗಿಂದ ಬಿಡಾಂಗಿಲ್ಲ. ಬಿಟ್ರ ಏನಾಗತದ ಗೊತ್ತೇನ್ರಿ? ಲಾರಿ ಪಲ್ಟಿ ಆಗತದ."

"ಯಾವ ಲಾರಿ?"

"ಯಾವುದರೆ ಒಂದು."

ಲುಂಬಿನಿ ಯೋಚಿಸಿದಳು. ಮದುಮಗನ ಮೇಲೆ ಬಲ ಪ್ರಯೋಗಿಸಿದರೆ ಅದೂ ಸುದ್ದಿಯಾಗುತ್ತದೆ, ಆಗ ಪ್ರಶ್ನಾರ್ಥಕ ಚಿಹ್ನೆ ಇರುವುದಿಲ್ಲ. "ಹಂಗಾರ ಕೈ ಸಮೇತ ನಡೀರಿ," ಎಂದಳು.

ಹೀಗೆ ಚಿತ್ತಾಪುರ ತಾಲೂಕಿನ ಇತಿಹಾಸದಲ್ಲಿ ಮೊದಲ ಸಲ, ಒಂದು ಆಯುಧವನ್ನು ವಶಪಡಿಸಿಕೊಳ್ಳುವ ಸಲುವಾಗಿ ಅದಕ್ಕೆ ಅಂಟಿದ್ದ ಮದುಮಗನನ್ನು ಜೀಪು ಹತ್ತಿಸಲಾಯಿತು. ಮದುಮಗ ಒಬ್ಬನೇ ಹೋಗಬಾರದೆಂದು ಕಳಸದ ಹೆಂಗಸರಿಬ್ಬರು ಹತ್ತಿದರು. ಹಿಂದೆ ವಿಠೋಬಾ ಹತ್ತಿದ. ಬ್ಯಾಂಡಿನವರು ಏನು ಬಾರಿಸಬೇಕೆಂದು ತಿಳಿಯದೆ, ಮೊದಲೇ ಗೊತ್ತುಮಾಡಿದ ಹಾಡನ್ನೇ ಬಾರಿಸಿದರು. ಟೆಂಪೊ ಜೀಪಿನ ಬೆನ್ನು ಹತ್ತಿತು. ಬಂದೇಅಲಿಯನ್ನು ಯಾರೂ ಕರೆಯಲಿಲ್ಲ. ಆತ ಟೆಂಪೊದ ಹಿಂದಿನ ಸಾಲಿನಲ್ಲಿ ಪಾತ್ರೆಗಳ ನಡುವೆ ಬಂದು ಕುಳಿತಿದ್ದ.

ಠಾಣೆಯಲ್ಲಿ ರೈಟರ್ ಕಂಪ್ಯೂಟರಿನ ಮುಂದೆ ಬಹಳ ಹೊತ್ತು ಕಣ್ಣು ಮಿಟುಕಿಸಿದ. "ಮೇಡಂ, ಜಪ್ತಿ ಮಾಲಿನ ಕಾಲಂನಾಗ ಏನ್ ಬರೀಲಿ?"

"ಕಟಾರಿ ಒಂದು ಅಂತ ಬರಿ."

"ಜೊತಿಗಿ ಮದುಮಗ ಒಂದು ಅಂತ ಬರೀಬೇಕಲ್ರಿ? ನಾಳೆ ಮಾಲು ಕಮ್ಮಿ ಬಂತು ಅಂದ್ರ?"

ಅಷ್ಟರಲ್ಲಿ ದಂಡೋತಿಯಿಂದ ದೊಡ್ಡ ಗುಂಪೇ ಮೋಟಾರ್‌ಸೈಕಲ್ಲುಗಳ ಮೇಲೆ ಬಂದಿಳಿಯಿತು. ತನಗಾಗಿ ಊರೇ ಬಂದಿದೆ ಎಂದು ವಿಠೋಬಾನ ಕಣ್ಣು ತುಂಬಿ ಬಂದವು. ಮುಂದಿದ್ದವನು ಮದುವೆಯ ಅಡುಗೆ ಹಿಡಿದಿದ್ದ ಚಾಂದ್.

"ನ್ಯಾಯ ಆಮ್ಯಾಲ ಮಾಡ್ಕೋರಿ ಮೇಡಂ," ಎಂದ ಚಾಂದ್. "ಮೊದಲು ಇವನ ಸೊಂಟದಾಗಿನ ಚಾವಿ ಕೊಡ್ರಿ. ಅನ್ನಕ್ಕ ಎಸರಿಲ್ಲ. ಊರಾಗ ಒಂದು ಹನಿ ನೀರಿಲ್ಲ."

ಚಾವಿ ಕೈಗೆ ಸಿಕ್ಕಿದ ಕೂಡಲೆ ಊರು ಹಿಂತಿರುಗಿ ಹೋಯಿತು.

"ಈಗ ಹೇಳು," ಎಂದಳು ಲುಂಬಿನಿ. "ಇದು ಯಾರದು? ನಿಂದು ಅಂದ್ರ ನೀ ಕಾಗದ ತೋರಸು. ಇನ್ನೊಬ್ಬರದು ಅಂದ್ರ ಅವರ್ನ ಕರಸ್ತೀನಿ, ಅವರು ತೋರಸ್ಲಿ."

ಠಾಣೆಯ ಅಂಗಳದಲ್ಲಿ ಸೇಡಂನವರೆಲ್ಲ ನಿಂತಿದ್ದರು. ಮಾಸ್ತರು ಕಿಟಕಿಗೆ ಮುಖ ಒತ್ತಿದ್ದರು. ಟೆಂಪೊದೊಳಗೆ ಮದುಮಗಳು ಸೆರಗು ತಲೆಗೆಳೆದುಕೊಂಡು ಕುಳಿತಿದ್ದಳು. ಚಾಲಕ ಗಾಡಿಯ ಮೂತಿಯನ್ನು ಆಗಲೇ ಸೇಡಂ ರಸ್ತೆಯ ಕಡೆ ತಿರುಗಿಸಿ ನಿಲ್ಲಿಸಿದ್ದ. ನಿಜ ಹೇಳಿದರೆ ಆ ಗಾಡಿ ಹೊರಡುತ್ತದೆ, ಮುಪ್ಪಿನ ಬಂದೇಅಲಿ ಈ ಬೆಂಚಿನ ಮೇಲೆ ಕೂರುತ್ತಾನೆ. ಸುಳ್ಳು ಹೇಳಿದರೆ ಮದುವೆಯಾಗುತ್ತದೆ, ತಾನು ಬೆಂಚಿನ ಮೇಲೆ. ಲೆಕ್ಕ ಸುಲಭವಾಗಿತ್ತು. ಆದರೆ ಮೂರನೆಯ ಒಂದು ಸಂಗತಿಯಿತ್ತು: ಸುಳ್ಳು ಹೇಳಿದರೆ ಕಟಾರಿ ಇನ್ನೆಂದೂ ಬಂದೇಅಲಿಯದಾಗುವುದಿಲ್ಲ. ವಿಠೋಬಾ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ.

"ಅವನದೇ ರೀ ಮೇಡಂ," ಎಂದಿತು ಬಾಗಿಲಿನಿಂದ ಒಂದು ದನಿ. ಬಂದೇಅಲಿ ಟೋಪಿ ಸರಿಮಾಡಿಕೊಂಡು ಒಳಬಂದ. "ಅವರಪ್ಪ ಇದ್ದಾಗಿಂದ ನೋಡೀನಿ. ಎದುರು ಮನೀನೇ ನಂದು."

"ಖರೆ ಏನು?"

"ಇಷ್ಟು ವಯಸ್ಸಿನ್ಯಾಗ ಸುಳ್ಳು ಹೇಳಿ ನಾ ಏನ್ ಗಳಸ್ಲಿ ತಾಯಿ?"

ವಿಠೋಬಾ ತೆರೆದ ಬಾಯಿಯನ್ನು ಮುಚ್ಚಿದ. ಆಮೇಲೆ ತೆರೆಯಲಿಲ್ಲ. ಅವನು ಆ ದಿನ ಮಾಡಿದ್ದು ಅಷ್ಟೆ.

ದಾರಿ ತೋರಿಸಿದವರು ಬಸವಲಿಂಗ ಮಾಸ್ತರು. ಶಹಾಬಾದಿನಲ್ಲಿ ಯಾರೋ ಕಲ್ಲಿನ ಸಾಹುಕಾರರ ಹಳೆಯ ಮನೆಯಲ್ಲಿ "ಕಾಗಿಣಾ ಪರಂಪರೆ ಸಂಗ್ರಹಾಲಯ" ಎಂದು ಹೊಸದಾಗಿ ತೆರೆದಿದ್ದರು. ಮಾಸ್ತರು ಅದರ ಸಮಿತಿಯ ಸದಸ್ಯರು. "ದಾನ ಕೊಟ್ಟುಬಿಡ್ರಿ ಬೀಗರೆ! ಆಯುಧ ಸುರಕ್ಷಿತ, ಕೇಸೂ ಇಲ್ಲ, ಮನೆತನದ ಹೆಸರೂ ಉಳೀತು." ಕೇಸು ಬರೆಯುವುದು ಮಾಲು ಬರೆಯುವುದಕ್ಕಿಂತ ಕಷ್ಟವೆಂದು ರೈಟರನ ಮುಖದಲ್ಲಿ ಕಂಡ ಲುಂಬಿನಿ ಒಪ್ಪಿದಳು.

ಉಳಿದದ್ದು ಮದುಮಗನ ಕೈಯಿಂದ ಅದನ್ನು ಬಿಡಿಸುವುದು.

"ಅಕ್ಷತಾ ಬಿದ್ರ ಬಿಡ್ತಾನ," ಎಂದಳು ಯಂಕಮ್ಮ, ಪಟ್ಟು ಸಡಿಲಿಸದೆ.

"ಹಂಗಾರ ಹಾಕ್ರಿ ಮಾರಾಯ್ರ ಅಕ್ಷತಾ!"

ಠಾಣೆಯ ಬೇವಿನ ಗಿಡದ ಕೆಳಗೆ, ಜಪ್ತಿಯಾಗಿ ತುಕ್ಕು ಹಿಡಿದ ಮೋಟಾರ್‌ಸೈಕಲ್ಲುಗಳ ಎದುರಿನಲ್ಲಿ, ಅಂತರಪಟ ಹಿಡಿಯಲು ಇಬ್ಬರು ಪೇದೆಗಳು ನಿಂತರು. ಮಂಗಳಾಷ್ಟಕದ ನಡುವೆ ವೈರ್‌ಲೆಸ್ಸು ಎರಡು ಸಲ ಮಾತಾಡಿತು. ಅಕ್ಷತೆ ಬಿತ್ತು. ಲುಂಬಿನಿಯೂ ಒಂದು ಹಿಡಿ ಎಸೆದಳು. ಆದರೆ ದೇವೀಂದ್ರಪ್ಪನ ಬೆರಳುಗಳು ತೆರೆಯಲಿಲ್ಲ. ಅರಿಶಿನ ಒಣಗಿ, ಭಯಕ್ಕೆ ಬಿಗಿದು, ಕೈ ಹಿಡಿಯ ಸುತ್ತ ಗಂಟು ಹಾಕಿಕೊಂಡಿತ್ತು. ಪೇದೆ ಎಳೆದ, ರೈಟರ್ ಎಳೆದ. ಮದುಮಗ "ಯವ್ವಾ" ಎಂದ.

ಆಗ ಬಂದೇಅಲಿ ಬಂದು ಕುಕ್ಕರಗಾಲಲ್ಲಿ ಕುಳಿತು, ಆ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಬೆರಳ ಗೆಣ್ಣುಗಳನ್ನು ಉಜ್ಜತೊಡಗಿದ. "ಬಿಡು ಬೇಟಾ. ಆತು. ಲಗ್ನ ಆತು ನಿಂದು." ಬೆರಳು ಒಂದೊಂದಾಗಿ ಬಿಟ್ಟವು. ಕಟಾರಿ ಅವನ ಅಂಗೈಗೆ ಇಳಿಯಿತು. ತುದಿಯ ನಿಂಬೆಹಣ್ಣನ್ನು ಕಿತ್ತು, ಅಲಗನ್ನು ತನ್ನ ಅಂಗಿಯ ಚುಂಗಿನಿಂದ ಒರೆಸಿ, ಎದ್ದು, ಬಸವಲಿಂಗ ಮಾಸ್ತರ ಕೈಗೆ ಕೊಟ್ಟ.

ಮುಂದೆ ಶಹಾಬಾದಿನಲ್ಲಿ ಸಮಾರಂಭವಾಯಿತು. ದಾನಿ ವಿಠೋಬಾನಿಗೆ ಶಾಲು ಹೊದಿಸಿದರು. ಧಗೆಯಲ್ಲಿ ಅದು ಶಿಕ್ಷೆಯಂತೆ ಅವನ ಹೆಗಲಿಗೆ ಕುಳಿತಿತು. ಹಿಂದಿನ ಸಾಲಿನಲ್ಲಿ ಬಂದೇಅಲಿ ಚಪ್ಪಾಳೆ ತಟ್ಟುತ್ತಿದ್ದ. ಎಲ್ಲರೂ ನಿಲ್ಲಿಸಿದ ಮೇಲೂ ಅವನದು ಸ್ವಲ್ಪ ಹೊತ್ತು ಕೇಳುತ್ತಿತ್ತು.

ಓಣಿಯಲ್ಲಿ ಆಮೇಲಿನ ಮದುಮಗನಿಗೆ ಕಟಾರಿಯ ಬದಲು ಅಡಕೆ ಕತ್ತರಿಸುವ ಅಡಕತ್ತು ಕೊಟ್ಟು ಕೂರಿಸಿದರು. ನಿಂಬೆಹಣ್ಣು ನಿಲ್ಲಲಿಲ್ಲ, ಮೂರು ಸಲ ಉರುಳಿತು. ಯಾವ ಲಾರಿಯೂ ಪಲ್ಟಿಯಾಗಲಿಲ್ಲವೆಂಬುದು ವಿಠೋಬಾನಿಗೆ ಇನ್ನಷ್ಟು ದುಃಖ ತಂದಿತು. ಖುರ್ಷಿದಬೇಗಂ ಓಣಿಗೆ ನೀರು ಬಂದಾಗ ಕೊಡ ಹಿಡಿದು ಬರುತ್ತಿದ್ದಳು, ತುಂಬಿಸುತ್ತಿದ್ದಳು, ಹೋಗುತ್ತಿದ್ದಳು. ಬೈಯುತ್ತಿರಲಿಲ್ಲ. ಇಡೀ ಊರಿನಲ್ಲಿ ಬೈ‌ಯದವಳು ಆಕೆಯೊಬ್ಬಳೇ. ಅವನಿಗೆ ನಿದ್ದೆ ಬರದಿರಲು ಅಷ್ಟು ಸಾಕಾಯಿತು.

ಕೊನೆಗೆ ಒಂದು ದಿನ ಶಹಾಬಾದಿನ ಬಸ್ಸು ಹತ್ತಿದ. ಸಂಗ್ರಹಾಲಯ ನೋಡಿಕೊಳ್ಳುವ ತಾಹಿರ್ ಎಂಬ ಕನ್ನಡಕದ ಯುವಕ ಮರ್ಯಾದೆಯಿಂದ ಎದ್ದು ನಿಂತ. "ಬರ್ರಿ ದಾನಿಗಳೇ, ಕುಂದ್ರಿ."

"ಸಾಹೇಬ್ರ, ಒಂದು ತಪ್ಪಾಗ್ಯದ. ಅದು ನಂದಲ್ಲ."

"ಯಾವುದು?"

"ಯಾತಗಾನ್. ಅದು ಯಾತಗಾನೂ ಅಲ್ಲ."

ತಾಹಿರ್ ಕನ್ನಡಕ ತೆಗೆದು ಒರೆಸಿದ. "ನಿಮ್ಮದಲ್ಲ ಅಂದ್ರ ದಾನ ಹೆಂಗ ಕೊಟ್ರಿ? ದಾನ ಕೊಟ್ಟೀರಿ ಅಂದ್ರ ನಿಮ್ಮದೇ ಆತಲ್ರಿ. ವಾಪಸು ಕೇಳಬೇಕಾದ್ರ ಮಾಲಕರು ಬರಬೇಕು. ಮಾಲಕರು ಅಂದ್ರ ನೀವು. ನೀವು ನಂದಲ್ಲ ಅಂತೀರಿ."

ಈ ವಾದದಲ್ಲಿ ಎಲ್ಲಿಯೂ ಸೋರುವ ಜಾಗ ಸಿಗದೆ ವಿಠೋಬಾ ಅದರ ಸುತ್ತ ಒಂದು ಸಲ ತಿರುಗಿ ಬಂದ. "ಹೆಸರರೆ ಬದಲಿ ಮಾಡ್ರಿ. ಕಟಾರಿ ಅಂತ ಬರೀರಿ."

"ಕಟಾರಿ ಅನ್ನಾಕ ಬರಾಂಗಿಲ್ಲ ಕಾಕಾ. ಪುಸ್ತಕದಾಗ ಕಟಾರ್ ಅಂದ್ರ ಬ್ಯಾರೆ. ಹಿಡಿ ಅಡ್ಡ ಇರತದ, ಮುಷ್ಟಿಯಾಗ ಹಿಡಿದು ಗುದ್ದೂದು. ಅಲ್ಲಿ ನೋಡ್ರಿ."

"ನಾವು ಹುಟ್ಟಿದಾಗಿಂದ ಕಟಾರಿ ಅಂದೀವಲ್ರಿ?"

"ನೀವು ಅಂತೀರಿ. ಪುಸ್ತಕ ಅನ್ನಾಂಗಿಲ್ಲ." ತಾಹಿರ್ ಕೆಟ್ಟವನಲ್ಲ. ವಿಠೋಬಾನ ಮುಖ ನೋಡಿ ಎದ್ದು, ಗಾಜಿನ ಪೆಟ್ಟಿಗೆಗಳ ಸಾಲಿನ ಮುಂದೆ ಅವನನ್ನು ನಡೆಸಿಕೊಂಡು ಹೋದ. ಅಲ್ಲಿದ್ದವು ಅಸಲಿನ ನಕಲುಗಳು. "ಮನಸ್ಸಿಗಿ ಹಚ್ಕೋಬ್ಯಾಡ್ರಿ. ಇದು ಶಮಶೇರ್. ಇರಾನಿನವರ ಮಾತಿನ್ಯಾಗ ಕತ್ತಿ ಅಂತ ಅಷ್ಟೇ ಅರ್ಥ. ಇದು ಕಿಲಿಜ್. ತುರ್ಕರ ಮಾತಿನ್ಯಾಗ ಅದೂ ಕತ್ತಿ. ಜಪಾನಿಂದು ಕತಾನಾ, ಅದೂ ಕತ್ತೀನೇ. ಪರದೇಶಿ ಮಂದಿ ಬಂದು ಇದೇನು ಅಂತ ಕೇಳ್ಯಾರ, ಇವರು ಕತ್ತಿ ಅಂದಾರ, ಅವರು ಅದೇ ಇದರ ಜಾತಿ ಹೆಸರು ಅಂತ ಬರಕೊಂಡಾರ. ಆ ಕಟಾರ್‌ಗೂ ಮೊದಲು ಜಮಧಾರ್ ಅಂತಿದ್ರಂತ. ಪುಸ್ತಕ ಬರೆದವನು ಚಿತ್ರದ ಕೆಳಗಿನ ಹೆಸರು ಅದಲಿ ಬದಲಿ ಮಾಡಿಬಿಟ್ಟ ಅಂತಾರ. ಇವರೆಲ್ಲರೂ ನಿಮ್ಮಂಗ ಬಸ್ ಹತ್ತಿ ಬಂದು ಬದಲಿ ಮಾಡ್ರಿ ಅಂದಿದ್ರ ಈ ಕ್ವಾಣ್ಯಾಗ ಒಂದು ಚೀಟಿನೂ ಉಳೀತಿದ್ದಿಲ್ಲ."

"ಖರೆ ಯಾತಗಾನ್ ಭಾಳ ಉದ್ದ ಇರತದ ರೀ. ಮೊಬೈಲಿನ್ಯಾಗ ನೋಡೀನಿ."

"ಅದನ್ನ ಸಮಿತಿಯವರೂ ವಿಚಾರ ಮಾಡ್ಯಾರ," ಎಂದ ತಾಹಿರ್. "ಅದಕ್ಕೇ 'ಕಿರಿ ಯಾತಗಾನ್' ಅಂತ ಬರಸ್ಯಾರ."

ಮರುವಾರ ಬಂದೇಅಲಿಯೇ ಕಟ್ಟೆಯಿಂದ ಕರೆದ. "ವಿಠೋಬಾ, ಶಹಾಬಾದಕ್ಕ ಹೋಗಿ ಬರೂಣು ನಡಿ. ಒಮ್ಮೆ ನೋಡಬೇಕನಸ್ಲಿಕತ್ತದ." ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ದಾರಿಯುದ್ದ ತೊಗರಿಯ ಬೆಲೆ, ಮೊಣಕಾಲಿನ ನೋವು, ಸೊಸೆಯ ಒಳ್ಳೆಯತನ ಇವುಗಳ ಬಗ್ಗೆ ಬಂದೇಅಲಿ ಮಾತಾಡಿದ. ವಿಠೋಬಾ ಹೂಂಗುಟ್ಟಿದ.

ಕಟಾರಿ ಗಾಜಿನೊಳಗೆ ಹಸಿರು ಮಖಮಲ್ಲಿನ ಮೇಲೆ ಮಲಗಿತ್ತು. ಎಲುಬಿನ ಹಿಡಿ ಒಣಗಿ ಸಣ್ಣಗೆ ಸೀಳಿತ್ತು. ಅದರ ಮೇಲೊಂದು ದೀಪ. ಕೆಳಗೆ ಹಿತ್ತಾಳೆಯ ಫಲಕ, ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲೀಷಿನಲ್ಲಿ: ಕಿರಿ ಯಾತಗಾನ್, ತುರ್ಕಿ, ದಾನಿ ಶ್ರೀ ವಿಠೋಬಾ, ದಂಡೋತಿ. ಬಂದೇಅಲಿ ಓದಲು ಕಲಿತದ್ದು ಉರ್ದು ಮಾತ್ರ. ಮೂಗು ಗಾಜಿಗೆ ತಾಗುವಷ್ಟು ಬಾಗಿ ಬಹಳ ಹೊತ್ತು ನೋಡಿದ.

"ಏನ್ ಬರದಾರ, ಓದು."

ವಿಠೋಬಾ ಫಲಕ ನೋಡಿದ. ಅಕ್ಷರಗಳು ದೊಡ್ಡವಾಗಿದ್ದವು, ದೀಪ ಚೆನ್ನಾಗಿತ್ತು. ಗಂಟಲು ಸರಿಮಾಡಿಕೊಂಡ.

"ಕಟಾರಿ," ಎಂದು ಓದಿದ. "ದಂಡೋತಿಯದು. ಬಂದೇಅಲಿಯವರ ಮನೆತನದ್ದು."

ಬಂದೇಅಲಿ ಗಾಜಿನ ಮೇಲೆ ತನ್ನ ಉಸಿರಿನ ಮಂಜು ಕೂತದ್ದನ್ನು ಅಂಗೈಯಿಂದ ಒರೆಸಿದ.

"ಇನ್ನೊಮ್ಮೆ ಓದು."

ವಿಠೋಬಾ ಇನ್ನೊಮ್ಮೆ ಓದಿದ. ಈ ಸಲ ದನಿ ಸ್ವಲ್ಪ ಗಟ್ಟಿಯಾಗಿತ್ತು.

"ಕೆಳಗ ಇಂಗ್ಲೀಷಿನ್ಯಾಗೂ ಅದನ್ನೇ ಬರದಾರೇನು?"

"ಅದನ್ನೇ ಬರದಾರ ಚಾಚಾ."

"ಹಂಗಾರ ಅದನ್ನೂ ಓದು."

ವಿಠೋಬಾನಿಗೆ ಇಂಗ್ಲೀಷ್ ಬಾರದು. ಅದು ಬಂದೇಅಲಿಗೆ, ವಿಠೋಬಾ ಶಾಲೆ ಬಿಟ್ಟ ವರ್ಷದಿಂದಲೂ ಗೊತ್ತಿತ್ತು. ಆದರೂ ವಿಠೋಬಾ ಗಾಜಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರದ ಕೆಳಗೆ ಅದನ್ನು ಸರಿಸುತ್ತಾ, ಕಷ್ಟದ ಶಬ್ದ ಬಂದಲ್ಲಿ ತಡೆಯುತ್ತಾ, ಇಂಗ್ಲೀಷನ್ನೂ ಕೊನೆಯ ತನಕ ಓದಿ ಹೇಳಿದ.